ಹೊಸಪೇಟೆ ಸುತ್ತ ಸೂರು: ನಿವೇಶನಕ್ಕೂ ಮೊದಲು ನೆಲದ ಜಾತಕ ನೋಡಿ

ಹೊಸಪೇಟೆ: ಇಂದು ಜಿಲ್ಲಾ ಕೇಂದ್ರವಾಗಿರುವ ಈ ನಗರ ಹುಟ್ಟಿದ್ದೇ ಒಂದು ಬಡಾವಣೆಯಾಗಿ. ವಿಜಯನಗರದ ರಾಜಧಾನಿ ತುಂಬಿ ತುಳುಕುತ್ತಿದ್ದ ಹದಿನಾರನೇ ಶತಮಾನದ ಆರಂಭದಲ್ಲಿ ಕೃಷ್ಣದೇವರಾಯ ಅದರ ನೈಋತ್ಯಕ್ಕೆ ಹೊಸ ಊರೊಂದನ್ನು ಕಟ್ಟಿಸಿದ. ತಾಯಿ ನಾಗಲಾಂಬಿಕೆಯ ನೆನಪಿನಲ್ಲಿ ಅದಕ್ಕೆ ನಾಗಲಾಪುರ ಎಂದು ಹೆಸರಿಟ್ಟ ಎಂಬುದು ಪ್ರತೀತಿ. ಹೊಸ ಊರಿಗೆ ಮೊದಲು ಬೇಕಾದದ್ದು ನೀರು. ಎರಡು ಬೆಟ್ಟಗಳ ನಡುವೆ ದೊಡ್ಡ ಏರಿ ಹಾಕಿ ಕೆರೆ ಕಟ್ಟಿಸಿದ ರಾಜ, ಆ ನೀರಿನಿಂದ ಬೇಸಾಯ ಮಾಡುವವರಿಗೆ ಒಂಬತ್ತು ವರ್ಷಗಳ ಕಾಲ ಭೂಮಿಯನ್ನು ಕಂದಾಯವಿಲ್ಲದೆ ಬಿಟ್ಟುಕೊಟ್ಟನೆಂದು ಪೋರ್ಚುಗೀಸ್ ವರ್ತಕ ನ್ಯೂನಿಜ್ ಬರೆದಿಟ್ಟಿದ್ದಾನೆ. ಜನರನ್ನು ಹೊಸ ಬಡಾವಣೆಗೆ ಸೆಳೆಯಲು ಆಗಿನ ಆಡಳಿತ ಕಂಡುಕೊಂಡ ಉಪಾಯವದು.

ಐನೂರು ವರ್ಷಗಳ ಬಳಿಕ ಅದೇ ಹೊಸಪೇಟೆಯ ಸುತ್ತ ಮತ್ತೆ ಬಡಾವಣೆಗಳು ಏಳುತ್ತಿವೆ. ಆದರೆ ಈ ಬಾರಿ ನೀರು, ದಾರಿ, ದಾಖಲೆಗಳ ಹೊಣೆ ಕೊಳ್ಳುವವನ ಹೆಗಲಿಗೇ ಬಿದ್ದಿದೆ.

2011ರ ಜನಗಣತಿಯಲ್ಲಿ ನಗರದ ಜನಸಂಖ್ಯೆ 2,06,167. ಬಳ್ಳಾರಿ ಜಿಲ್ಲೆಯನ್ನು ವಿಭಜಿಸಿ ವಿಜಯನಗರ ಜಿಲ್ಲೆ ರಚಿಸುವ ಅಧಿಸೂಚನೆ 2021ರ ಫೆಬ್ರುವರಿಯಲ್ಲಿ ಹೊರಬಿದ್ದು, ಅದೇ ವರ್ಷ ಅಕ್ಟೋಬರ್ 2ರಂದು ಜಿಲ್ಲೆ ಉದ್ಘಾಟನೆಗೊಂಡಿತು. ಜಿಲ್ಲಾ ಕಚೇರಿಗಳೊಂದಿಗೆ ನೌಕರರ ಕುಟುಂಬಗಳೂ ಇಲ್ಲಿಗೆ ಬಂದವು. ನಗರದೊಳಗೆ ಜಾಗ ಸಿಗದವರು, ಬಾಡಿಗೆ ಕಟ್ಟಿ ಸಾಕಾದವರು ಈಗ ಹೊರವಲಯದತ್ತ ನೋಡುತ್ತಿದ್ದಾರೆ. ಅವರ ಮುಂದಿರುವ ದಾರಿಗಳು ಹಲವು. ಹಂಪಿ ಕಡೆಗೆ ಕಮಲಾಪುರ, ಬೆಟ್ಟದಾಚೆ ಸಂಡೂರು, ನದಿಗುಂಟ ಕಂಪ್ಲಿ, ಬಳ್ಳಾರಿ ರಸ್ತೆಯಲ್ಲಿ ತೋರಣಗಲ್ಲು. ದೂರದ ಲೆಕ್ಕ ಹಾಕಿದರೆ ಹಂಪಿ 12-13 ಕಿ.ಮೀ., ಉಳಿದವು ಹೆಚ್ಚೂಕಡಿಮೆ 30 ಕಿ.ಮೀ. ಆಸುಪಾಸು. ದಲ್ಲಾಳಿಗಳು ಹೇಳುವುದು ಈ ಲೆಕ್ಕವನ್ನೇ. ಆದರೆ ಈ ಸೀಮೆಯಲ್ಲಿ ಕುಟುಂಬವೊಂದರ ನೆಮ್ಮದಿಯನ್ನು ನಿರ್ಧರಿಸುವುದು ಕಿಲೋಮೀಟರ್ ಅಲ್ಲ, ಆ ನೆಲ ಯಾರ ಅಧಿಕಾರದಲ್ಲಿದೆ ಮತ್ತು ಅದರ ಮೇಲೆ ಏನು ಹಾದುಹೋಗುತ್ತದೆ ಎಂಬ ಪ್ರಶ್ನೆ.

ಹಂಪಿಯ ನೆರಳಲ್ಲಿ

ಹೆಚ್ಚು ಜನರನ್ನು ಸೆಳೆಯುವುದೂ ಹೆಚ್ಚು ಜನ ಎಡವುವುದೂ ಹಂಪಿ ರಸ್ತೆಯಲ್ಲೇ. ಬಾಳೆ ತೋಟ, ಕಾಲುವೆ, ದೂರದಲ್ಲಿ ಬಂಡೆಗಳ ಬೆಟ್ಟ. ಬೆಳಗಿನ ಹೊತ್ತು ಇಲ್ಲಿ ನಿವೇಶನ ನೋಡಲು ಬಂದವರು ಅಲ್ಲೇ ಮುಂಗಡ ಕೊಡಲು ಮುಂದಾದರೆ ಆಶ್ಚರ್ಯವಿಲ್ಲ. ಕಮಲಾಪುರದ ಆಸುಪಾಸಿನಲ್ಲಿ ಕನ್ನಡ ವಿಶ್ವವಿದ್ಯಾಲಯವಿದೆ. ಪುರಾತತ್ವ ವಸ್ತುಸಂಗ್ರಹಾಲಯ ಹಾಗೂ ಮೃಗಾಲಯಗಳೂ ಇವೆ. ಮಕ್ಕಳಿರುವ ಮನೆಗೆ ಇದಕ್ಕಿಂತ ಒಳ್ಳೆಯ ನೆರೆ ಸಿಗದು ಎನ್ನಿಸುವುದು ಸಹಜ.

ಆದರೆ ಹಂಪಿ 1986ರಿಂದ ವಿಶ್ವ ಪರಂಪರೆ ತಾಣ. 1999ರಲ್ಲಿ ಯುನೆಸ್ಕೊ ಅದನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತ್ತು. ಆನೆಗೊಂದಿ ಹಾಗೂ ವಿರೂಪಾಪುರಗಡ್ಡೆ ಕಡೆಗೆ ನಿರ್ಮಾಣವಾಗುತ್ತಿದ್ದ ಸೇತುವೆಗಳು ಅದಕ್ಕೆ ಮುಖ್ಯ ಕಾರಣ. 2006ರಲ್ಲಿ ಆ ಪಟ್ಟಿಯಿಂದ ಹೊರಬರುವಷ್ಟರಲ್ಲಿ ರಾಜ್ಯ ಸರ್ಕಾರ 2002ರ ಕಾಯ್ದೆಯ ಮೂಲಕ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರವನ್ನು ರಚಿಸಿತ್ತು. ಸುಮಾರು 236 ಚದರ ಕಿ.ಮೀ. ವಿಸ್ತಾರದ, ನದಿಯ ಎರಡೂ ದಡಗಳ 29 ಗ್ರಾಮಗಳು ಅದರ ವ್ಯಾಪ್ತಿಗೆ ಬಂದವು. ಕಮಲಾಪುರ, ಕಡ್ಡಿರಾಂಪುರ, ವೆಂಕಟಾಪುರ, ಆನೆಗೊಂದಿ ಎಲ್ಲವೂ ಇದರೊಳಗೇ ಸೇರಿವೆ. ಇಲ್ಲಿ ಮನೆ ಕಟ್ಟಲು ಸ್ಥಳೀಯ ಸಂಸ್ಥೆಯ ಪರವಾನಗಿಯೊಂದೇ ಸಾಲದು, ಪ್ರಾಧಿಕಾರದ ಒಪ್ಪಿಗೆಯೂ ಬೇಕು. ಮಾಳಿಗೆ ಮೇಲೆ ಮಾಳಿಗೆ ಏರಿಸುವ ಕನಸು ಇದ್ದವರು ಮೊದಲೇ ವಿಚಾರಿಸಿಕೊಳ್ಳಬೇಕು.

ಇದರ ಮೇಲೆ ಕೇಂದ್ರದ ಕಾನೂನು ಬೇರೆ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ತನಕ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ ಎಂದು 2010ರ ತಿದ್ದುಪಡಿ ಖಚಿತಪಡಿಸಿದೆ. ಹಂಪಿ ಸೀಮೆಯಲ್ಲಿ ಹೊಲದ ನಡುವೆಯೂ ಮಂಟಪವೊಂದು ನಿಂತಿರುವುದು ಸಾಮಾನ್ಯ. ಆ ಮಂಟಪ ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿದೆಯೋ ಇಲ್ಲವೋ ಎಂಬುದರ ಮೇಲೆ ಪಕ್ಕದ ನಿವೇಶನದ ಹಣೆಬರಹ ನಿಂತಿರುತ್ತದೆ. ಭಾರತೀಯ ಪುರಾತತ್ವ ಇಲಾಖೆಯ ಕಚೇರಿಯಲ್ಲಿ ಸರ್ವೆ ನಂಬರ್ ತೋರಿಸಿ ಕೇಳಿದರೆ ಉತ್ತರ ಸಿಗುವ ಪ್ರಶ್ನೆಯಿದು. ಕೇಳುವವರು ಕಡಿಮೆ.

ಕಾನೂನು ಕಾಗದದಲ್ಲಷ್ಟೇ ಇದೆ ಎಂದು ನಂಬಿದವರಿಗೆ ಎರಡು ಘಟನೆಗಳು ನೆನಪಿರಲಿ. 2011ರ ಜುಲೈನಲ್ಲಿ ಹಂಪಿ ಬಜಾರಿನ ಸಾಲುಮಂಟಪಗಳಲ್ಲಿ ಹಾಗೂ ಅಕ್ಕಪಕ್ಕದಲ್ಲಿ ವರ್ಷಗಟ್ಟಲೆ ನೆಲೆಸಿದ್ದ ಕುಟುಂಬಗಳ ಮನೆ, ಅಂಗಡಿಗಳನ್ನು ತೆರವುಗೊಳಿಸಲಾಯಿತು. ವಿರೂಪಾಪುರಗಡ್ಡೆಯ ರೆಸಾರ್ಟ್‌ಗಳ ತೆರವಿಗೆ ಸುಪ್ರೀಂ ಕೋರ್ಟ್ 2020ರ ಫೆಬ್ರುವರಿಯಲ್ಲಿ ಒಪ್ಪಿಗೆ ನೀಡಿತು. ಮರು ತಿಂಗಳೇ ಜೆಸಿಬಿಗಳು ನದಿ ದಾಟಿದವು. ಮೊದಲನೆಯದರಲ್ಲಿ ಬಡವರು, ಎರಡನೆಯದರಲ್ಲಿ ಹಣ ಹೂಡಿದವರು. ಇಬ್ಬರಿಗೂ ಬಂದ ನೋಟಿಸ್‌ನ ಭಾಷೆ ಒಂದೇ.

ಹಾಗೆಂದು ಈ ಭಾಗವನ್ನು ಕೈಬಿಡಬೇಕಿಲ್ಲ. ಎಲ್ಲ ಒಪ್ಪಿಗೆ ಪಡೆದು ಕಟ್ಟಿದ ಮನೆಗೆ ಈ ನಿರ್ಬಂಧಗಳೇ ರಕ್ಷೆ. ಪಕ್ಕದಲ್ಲಿ ಕಾರ್ಖಾನೆ ಏಳುವುದಿಲ್ಲ, ಕಿಟಕಿಯ ಮುಂದೆ ಬಹುಮಹಡಿ ಕಟ್ಟಡ ನಿಲ್ಲುವುದಿಲ್ಲ. ದರೋಜಿ ಕಡೆಯ ಅಂಚಿನಲ್ಲಿ ಮಾತ್ರ ಇನ್ನೊಂದು ವಿಷಯ ಗಮನಿಸಬೇಕು. 1994ರಲ್ಲಿ ಘೋಷಣೆಯಾದ ಕರಡಿಧಾಮ ಅಲ್ಲಿದ್ದು, ಸುತ್ತಲ ಗುಡ್ಡಗಳಲ್ಲಿ ಕರಡಿ, ಚಿರತೆಗಳ ಓಡಾಟ ಹೊಸದಲ್ಲ. ಸಂಜೆ ಮಕ್ಕಳನ್ನು ಒಂಟಿಯಾಗಿ ಟ್ಯೂಷನ್‌ಗೆ ಕಳುಹಿಸುವ ಮನೆಯವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಗದ್ದೆಯ ಮೇಲಿನ ಬಡಾವಣೆ

ನಗರಕ್ಕೆ ಅಂಟಿಕೊಂಡ ಹಳ್ಳಿಗಳ ಕಥೆ ಬೇರೆ. ರಾಯ ಕಾಲುವೆ, ಬಸವಣ್ಣ ಕಾಲುವೆಗಳು ವಿಜಯನಗರ ಅರಸರ ಕಾಲದವು. ಅವುಗಳ ಹಳೆಯ ಒಡ್ಡು ಜಲಾಶಯದಲ್ಲಿ ಮುಳುಗಿದ ಬಳಿಕ ತುಂಗಭದ್ರಾ ಅಣೆಕಟ್ಟೆಯಿಂದಲೇ ನೇರವಾಗಿ ನೀರು ಪಡೆಯುತ್ತಿವೆ. ಅವುಗಳ ಕೆಳಗಿನ ಕಬ್ಬು, ಬಾಳೆ, ಭತ್ತದ ನೆಲ ಈಗ ತುಂಡು ತುಂಡಾಗಿ ನಿವೇಶನವಾಗುತ್ತಿದೆ. ನಗರದ ಸಕ್ಕರೆ ಕಾರ್ಖಾನೆ ಬಾಗಿಲು ಮುಚ್ಚಿದ ಮೇಲೆ ಕಬ್ಬನ್ನು ದೂರ ಸಾಗಿಸಲಾಗದ ರೈತರಿಗೆ ಭೂಮಿ ಮಾರುವುದೇ ಸುಲಭವಾಗಿ ಕಂಡಿದ್ದರೆ ಅವರನ್ನು ದೂರುವಂತಿಲ್ಲ.

ಗದ್ದೆಯ ಮೇಲೆ ಮನೆ ಕಟ್ಟುವವರಿಗೆ ತಾಂತ್ರಿಕ ತೊಡಕುಗಳಿವೆ. ಕಪ್ಪು ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ತಳಪಾಯ ಗಟ್ಟಿ ಪದರದ ತನಕ ಇಳಿಯದಿದ್ದರೆ ಗೋಡೆಯೂ ಅದನ್ನೇ ಅನುಸರಿಸುತ್ತದೆ. ಕಾಲುವೆಯಲ್ಲಿ ನೀರು ಹರಿಯುವಷ್ಟು ಕಾಲ ಬಾವಿ, ಕೊಳವೆಬಾವಿಗಳು ತುಂಬಿರುತ್ತವೆ. ಅದನ್ನು ಕಂಡು ಇಲ್ಲಿ ನೀರಿಗೆ ಬರವಿಲ್ಲ ಎಂದುಕೊಂಡವರಿಗೆ ಕಾಲುವೆ ನಿಂತ ಮೇಲೆ ನಿಜ ತಿಳಿಯುತ್ತದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 33 ಗೇಟುಗಳ ಪೈಕಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಹರಿವ ನೀರಿನಲ್ಲೇ ತಾತ್ಕಾಲಿಕ ಗೇಟು ಅಳವಡಿಸುವ ತನಕ ಒಂದು ವಾರ ಇಡೀ ಸೀಮೆ ಉಸಿರು ಬಿಗಿಹಿಡಿದಿತ್ತು. 2025ರ ಮಳೆಗಾಲದಲ್ಲಿ ಸುರಕ್ಷತೆಯ ದೃಷ್ಟಿಯಿಂದ ಜಲಾಶಯದಲ್ಲಿ 80 ಟಿಎಂಸಿ ಅಡಿಯಷ್ಟೇ ನೀರು ನಿಲ್ಲಿಸುವ ತೀರ್ಮಾನವಾಯಿತು. ಹೂಳಿನಿಂದಾಗಿ 133 ಟಿಎಂಸಿ ಅಡಿಯಿಂದ 105ಕ್ಕೆ ಇಳಿದಿದ್ದ ಸಾಮರ್ಥ್ಯದಲ್ಲಿ ಮತ್ತಷ್ಟು ಕಡಿತ. ಕಾಲುವೆಯನ್ನು ನೆಚ್ಚಿದ ಬಡಾವಣೆಯ ಕೊಳವೆಬಾವಿ ಎಷ್ಟರಮಟ್ಟಿಗೆ ಅಣೆಕಟ್ಟೆಯ ಮಗು ಎಂಬುದನ್ನು ಈ ಎರಡು ವರ್ಷಗಳು ತೋರಿಸಿಕೊಟ್ಟವು.

ಬೆಟ್ಟದಾಚೆಯ ಸಂಡೂರು

ಹವೆಯ ದೃಷ್ಟಿಯಿಂದ ಈ ಸೀಮೆಯಲ್ಲಿ ಸಂಡೂರಿಗೆ ಸಾಟಿಯಿಲ್ಲ. ಮಳೆಗಾಲದ ಕೊನೆಯಲ್ಲಿ ಹಸಿರು ಹೊದ್ದ ಕಣಿವೆ, ನಾರಿಹಳ್ಳ ಜಲಾಶಯ, ಕುಮಾರಸ್ವಾಮಿ ಬೆಟ್ಟ. ಘೋರ್ಪಡೆ ಮನೆತನದ ಸಂಸ್ಥಾನವಾಗಿದ್ದ ಊರಿಗೆ ಶಾಲೆಗಳ ಪರಂಪರೆಯೂ ಇದೆ. ನಂದಿಹಳ್ಳಿಯಲ್ಲಿ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿದೆ. ಇಲ್ಲಿನ ಲಂಬಾಣಿ ಕಸೂತಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದಿದೆ.

ಅದೇ ಬೆಟ್ಟಗಳ ಹೊಟ್ಟೆಯಲ್ಲಿ ಕಬ್ಬಿಣದ ಅದಿರೂ ಇದೆ. ಅಕ್ರಮದ ಕಾರಣ 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. 2013ರ ತೀರ್ಪಿನ ಬಳಿಕ ಷರತ್ತುಗಳೊಂದಿಗೆ ಗಣಿಗಳು ಮತ್ತೆ ತೆರೆದುಕೊಂಡವು. ಸಾಲ ಮಾಡಿ ಲಾರಿ ಕೊಂಡವರ ಪಾಡು ಆಗ ಏನಾಯಿತೆಂಬುದು ಈ ಭಾಗದವರಿಗೆ ಹೇಳಬೇಕಿಲ್ಲ. ಸಾಲ ಮಾಡಿ ಮನೆ ಕೊಳ್ಳುವವರಿಗೂ ಅದು ಪಾಠ. ಅದಿರಿನ ಬೆಲೆಯನ್ನು ನೆಚ್ಚಿದ ಊರಲ್ಲಿ ಬಾಡಿಗೆಯೂ ನಿವೇಶನದ ದರವೂ ಅದನ್ನೇ ನೆಚ್ಚಿರುತ್ತವೆ. ಅದಿರು ಲಾರಿಗಳು ಓಡಾಡುವ ರಸ್ತೆಯ ಅಂಚಿನ ಮನೆಗಳಲ್ಲಿ ಒಣಹಾಕಿದ ಬಿಳಿ ಬಟ್ಟೆ ಸಂಜೆಗೆ ಕೆಂಪಾಗುತ್ತದೆ. ಅಸ್ತಮಾ ಇರುವ ಹಿರಿಯರೋ ಮಕ್ಕಳೋ ಮನೆಯಲ್ಲಿದ್ದರೆ ರಸ್ತೆಯಿಂದ ಒಳಗಿರುವ ಬೀದಿಯನ್ನೇ ಆರಿಸಿಕೊಳ್ಳಬೇಕು. ಇಂದು ಶಾಂತವಾಗಿರುವ ರಸ್ತೆ ನಾಳೆಯೂ ಹಾಗೆಯೇ ಇರುವುದೆಂಬ ಭರವಸೆಯಿಲ್ಲ. ದೇವದಾರಿ ಬೆಟ್ಟದಲ್ಲಿ ಹೊಸ ಗಣಿಗಾರಿಕೆ ಕುರಿತು 2024ರಲ್ಲಿ ಎದ್ದ ವಿವಾದವೇ ಅದಕ್ಕೆ ಸಾಕ್ಷಿ.

ನದಿಗುಂಟ ಕಂಪ್ಲಿ

ಸಂಡೂರಿಗೂ ಕಂಪ್ಲಿಗೂ ಸಾಮಾನ್ಯವಾದ ಒಂದು ತೊಡಕಿದೆ. ಜಿಲ್ಲೆ ವಿಭಜನೆಯಾದಾಗ ಎರಡೂ ಬಳ್ಳಾರಿಯಲ್ಲೇ ಉಳಿದವು. ಕೆಲ ವರ್ಷಗಳ ಹಿಂದಿನ ತನಕ ಹೊಸಪೇಟೆ ತಾಲ್ಲೂಕಿಗೇ ಸೇರಿದ್ದ ಕಂಪ್ಲಿ ಈಗ ಪ್ರತ್ಯೇಕ ತಾಲ್ಲೂಕು, ಬೇರೆ ಜಿಲ್ಲೆ. ಹೊಸಪೇಟೆಯಲ್ಲಿ ನೌಕರಿ ಮಾಡುತ್ತ ಅಲ್ಲಿ ವಾಸಿಸುವ ಕುಟುಂಬಕ್ಕೆ ಸಂಬಳ ಒಂದು ಜಿಲ್ಲೆಯದು, ಜಿಲ್ಲಾಧಿಕಾರಿ ಕಚೇರಿ ಇನ್ನೊಂದು ಜಿಲ್ಲೆಯದು.

ಕಂಪ್ಲಿ ಭತ್ತದ ಊರು. ಜೀವನ ವೆಚ್ಚ ಹಗುರ, ನದಿ ಕೈಗೆಟುಕುವಷ್ಟು ಹತ್ತಿರ. ಆದರೆ ರೈಲು ನಿಲ್ದಾಣವಿಲ್ಲ. ಜಲಾಶಯದಿಂದ ಲಕ್ಷ ಕ್ಯೂಸೆಕ್‌ಗೂ ಮೇಲ್ಪಟ್ಟು ನೀರು ಬಿಟ್ಟ ವರ್ಷಗಳಲ್ಲಿ ಕಂಪ್ಲಿ–ಗಂಗಾವತಿ ಸೇತುವೆ ಮುಳುಗುವುದು, ಕೋಟೆ ಪ್ರದೇಶದ ಮನೆಗಳಿಗೆ ನೀರು ನುಗ್ಗುವುದು ಬಹುತೇಕ ರೂಢಿಯೇ ಆಗಿದೆ. 2019 ಹಾಗೂ 2022ರಲ್ಲಿ ಸೇತುವೆ ಸಂಚಾರ ಸ್ಥಗಿತಗೊಂಡಿತ್ತು. ಗಂಗಾವತಿಯ ಶಾಲೆಯನ್ನೋ ಆಸ್ಪತ್ರೆಯನ್ನೋ ನೆಚ್ಚಿ ಇಲ್ಲಿ ಮನೆ ಮಾಡುವವರು ಆ ದಿನಗಳಲ್ಲಿ ಬಳಸು ದಾರಿ ಹಿಡಿಯಬೇಕಾಗುತ್ತದೆ.

ತೋರಣಗಲ್ಲಿನ ಉಕ್ಕು ಕಾರ್ಖಾನೆಯ ಟೌನ್‌ಶಿಪ್, ದೋಣಿಮಲೈನ ಎನ್‌ಎಂಡಿಸಿ ವಸತಿಗೃಹಗಳ ವಿಚಾರ ಸರಳ. ಉದ್ಯಾನ, ಶಾಲೆ, ಆಸ್ಪತ್ರೆ ಎಲ್ಲ ಇರುವ ಅಚ್ಚುಕಟ್ಟಾದ ಬದುಕು, ಆದರೆ ಕೆಲಸ ಇರುವ ತನಕ ಮಾತ್ರ. ಹೊಸಪೇಟೆಯ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಮುಚ್ಚಲು ಕೇಂದ್ರ ಸಂಪುಟ 2015ರಲ್ಲಿ ತೀರ್ಮಾನಿಸಿದ್ದನ್ನು ಇಲ್ಲಿನ ಹಳಬರು ಮರೆತಿಲ್ಲ.

ಕಾಗದಪತ್ರ

ಮದ್ರಾಸ್ ಪ್ರಾಂತ್ಯದ ಕಾಲದಿಂದ ಈ ಭಾಗದಲ್ಲಿ ನೆಲ ಅಳೆಯುವುದು ಗುಂಟೆಯಲ್ಲಲ್ಲ, ಸೆಂಟ್ಸ್‌ನಲ್ಲಿ. ಎಕರೆಗೆ 100 ಸೆಂಟ್ಸ್. 30x40 ಅಡಿ ನಿವೇಶನವೆಂದರೆ ಸುಮಾರು ಎರಡೂಮುಕ್ಕಾಲು ಸೆಂಟ್ಸ್. ಹಳೆ ಮೈಸೂರು ಕಡೆಯಿಂದ ಬಂದವರು ದರ ಹೋಲಿಸುವಾಗ ಇಲ್ಲಿಯೇ ಮೋಸ ಹೋಗುವುದುಂಟು. ಅದಕ್ಕಿಂತ ದೊಡ್ಡ ಅಪಾಯ, ಕೃಷಿ ಜಮೀನನ್ನೇ ಸೆಂಟ್ಸ್ ಲೆಕ್ಕದಲ್ಲಿ ತುಂಡು ಮಾಡಿ ಬಾಂಡ್ ಪೇಪರ್ ಮೇಲೆ ಮಾರುವುದು. ಜೀವಮಾನದ ಉಳಿತಾಯ ಹಾಕಿ ಅಂತಹ ಜಾಗ ಕೊಂಡವರಿಗೆ ಬ್ಯಾಂಕ್ ಸಾಲವಿಲ್ಲ, ಕಟ್ಟಡ ಪರವಾನಗಿಯಿಲ್ಲ, ಮರುಮಾರಾಟವೂ ಇಲ್ಲ.

ಭೂಪರಿವರ್ತನೆ ಆದೇಶ ಅಥವಾ ಮಹಾಯೋಜನೆಯಲ್ಲಿ ಅದು ವಸತಿ ವಲಯ ಎಂಬ ದಾಖಲೆ, ಅನುಮೋದಿತ ಬಡಾವಣೆ ನಕ್ಷೆ, ಋಣಭಾರ ಪತ್ರ, ನಗರದಲ್ಲಾದರೆ ಇ-ಖಾತಾ, ಗ್ರಾಮ ಪಂಚಾಯಿತಿಯಲ್ಲಾದರೆ ಇ-ಸ್ವತ್ತು ತಂತ್ರಾಂಶದ ನಮೂನೆ 9 ಮತ್ತು 11. ಇಷ್ಟನ್ನು ಮುಂಗಡಕ್ಕೆ ಮೊದಲೇ ಕೇಳಬೇಕು. ನಮೂನೆ 11-ಬಿ ಎಂದಿದ್ದರೆ ಯಾವುದೋ ಅನುಮೋದನೆ ಬಾಕಿಯಿದೆ ಎಂದೇ ಅರ್ಥ. 500 ಚದರ ಮೀಟರ್‌ಗಿಂತ ದೊಡ್ಡದಾದ ಅಥವಾ ಎಂಟಕ್ಕಿಂತ ಹೆಚ್ಚು ನಿವೇಶನಗಳಿರುವ ಬಡಾವಣೆಗೆ ರೇರಾ ನೋಂದಣಿ ಕಡ್ಡಾಯ. ನೋಂದಣಿ ಸಂಖ್ಯೆಯನ್ನು ರೇರಾ ಜಾಲತಾಣದಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು. ಹಂಪಿ ವ್ಯಾಪ್ತಿಯಲ್ಲಾದರೆ ಇವೆಲ್ಲದರ ಜೊತೆಗೆ ಪ್ರಾಧಿಕಾರದ ಪತ್ರ.

ಜಾಗ ನೋಡಲು ಹೋಗುವುದು ಯಾವಾಗ ಎಂಬುದೂ ಮುಖ್ಯ. ದಲ್ಲಾಳಿಗಳು ಕರೆದೊಯ್ಯುವುದು ಭಾನುವಾರ ಬೆಳಿಗ್ಗೆ. ಅಂದು ಲಾರಿ ವಿರಳ, ಕಚೇರಿಗೆ ರಜೆ, ರಸ್ತೆ ಖಾಲಿ. ಕೆಲಸದ ದಿನ ಬೆಳಿಗ್ಗೆ 9ರ ಹೊತ್ತಿಗೆ ಅಲ್ಲಿಂದ ಶಾಲೆಯ ತನಕ ಒಮ್ಮೆ, ರಾತ್ರಿ ಅಲ್ಲಿಂದ ಆಸ್ಪತ್ರೆಯ ತನಕ ಇನ್ನೊಮ್ಮೆ ಹೋಗಿ ನೋಡುವುದು ಒಳಿತು. ಕೊಳವೆಬಾವಿಯ ನೀರನ್ನು ಮಾತ್ರ ಕಾಲುವೆ ನಿಂತಿರುವ ಏಪ್ರಿಲ್–ಮೇ ತಿಂಗಳಲ್ಲೇ ಪರೀಕ್ಷಿಸಬೇಕು.