ಕುಂಬಳಕಾಯಿ ಯಾರ ಕೈಲಿದೆ?

ಕಚೇರಿಯೊಂದರಲ್ಲಿ ಕಂಪ್ಯೂಟರುಗಳು ಹಲವು, ಬ್ಯಾಕಪ್ ತೆಗೆಯುವ ಟೇಪ್ ಡ್ರೈವ್ ಮಾತ್ರ ಒಂದೇ. ಇಬ್ಬರು ಒಟ್ಟಿಗೇ ಬ್ಯಾಕಪ್ ಶುರು ಹಚ್ಚಿಕೊಂಡರೆ ಇಬ್ಬರದೂ ಹಾಳು. ಇದನ್ನು ತಡೆಯಲು ಇನ್ನೊಂದು ಸಾಫ್ಟ್‌ವೇರ್ ಬರೆಯಬಹುದಿತ್ತು. ಅಲ್ಲಿಯವರು ಅಷ್ಟೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ. ಬಟ್ಟೆಯಲ್ಲಿ ತುಂಬಿ ಹೊಲಿದ ಒಂದು ಆಟಿಕೆ ಕುಂಬಳಕಾಯಿ ಇಟ್ಟುಕೊಂಡರು. ಅದು ಯಾರ ಬಳಿ ಇದೆಯೋ ಅವರಷ್ಟೇ ಬ್ಯಾಕಪ್ ತೆಗೆಯಬೇಕು. ಕಾಯಿ ಕೈಗೆ ಬರುವ ತನಕ ಮಿಕ್ಕವರು ಕಾಯಬೇಕು.

ಪರಿಚಿತರೊಬ್ಬರು ತಮ್ಮ ಹಳೆಯ ಕೆಲಸದ ಜಾಗದ ಈ ಕಥೆಯನ್ನು ಚಿಪ್ ಸಾಲ್ಜೆನ್‌ಬರ್ಗ್ ಎಂಬ ಪ್ರೋಗ್ರಾಮರ್‌ಗೆ ಹೇಳಿದರು. ಸಾಲ್ಜೆನ್‌ಬರ್ಗ್ ಆಗ ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ನೋಡಿಕೊಳ್ಳುವ ಬಳಗದಲ್ಲಿದ್ದವರು. ಬಳಗದ ಕಷ್ಟವೂ ಇಂಥದ್ದೇ: ಭಾಷೆಯ ಮೂಲ ಸಂಕೇತ ಒಂದು, ಅದನ್ನು ತಿದ್ದಬೇಕೆನ್ನುವ ಕೈಗಳು ಹತ್ತಾರು, ಅವೂ ಬೇರೆ ಬೇರೆ ದೇಶಗಳಲ್ಲಿ. ಹೀಗಾಗಿ ಕಣ್ಣಿಗೆ ಕಾಣದ ಒಂದು ಕುಂಬಳಕಾಯಿ ಚಾಲ್ತಿಗೆ ಬಂತು. ಅದರ ಹೆಸರು ‘ಪ್ಯಾಚ್ ಪಂಪ್‌ಕಿನ್’. ಅದನ್ನು ಹಿಡಿದವರು ಮಾತ್ರ ತಿದ್ದುಪಡಿಗಳನ್ನು ಮೂಲಕ್ಕೆ ಸೇರಿಸಬಹುದು. ಬರುಬರುತ್ತಾ ಅವರಿಗೆ ‘ಪಂಪ್‌ಕಿಂಗ್’ ಎಂಬ ಬಿರುದೇ ಅಂಟಿಕೊಂಡಿತು. 1998ರ 5.005 ಮತ್ತು 2000ದ 5.6 ಆವೃತ್ತಿಗಳ ಕಾಲಕ್ಕೆ ಈ ಅದೃಶ್ಯ ಕಾಯಿ ಗುರುಸಾಮಿ ಸಾರಥಿ ಅವರ ಕೈಲಿತ್ತು. ದಸ್ತಾವೇಜುಗಳ ನಡುವೆ ಆ ಹೆಸರು ಕಂಡಾಗ ಏನೋ ನಮ್ಮವರೇ ಎನಿಸಿತು, ಇರಲಿ.

ಮುಕ್ತ ತಂತ್ರಾಂಶದ ಭಾಷೆಯೊಂದು ಹೇಗೆ ಬದುಕುತ್ತದೆ ಎಂದು ನೋಡಲು ಪೈಥಾನ್, ರೂಬಿ, ರಸ್ಟ್ ಯಾವುದನ್ನಾದರೂ ಆರಿಸಿಕೊಳ್ಳಬಹುದಿತ್ತು. ಇವತ್ತಿನ ಹುಡುಗರು ಪರ್ಲ್ ಹೆಸರು ಕೇಳಿದರೆ ‘ಅದು ಇನ್ನೂ ಇದೆಯಾ ಸಾರ್’ ಎನ್ನುತ್ತಾರೆ. ಆದರೂ ಪರ್ಲ್ ಕಡೆಗೇ ಮನಸ್ಸು ಎಳೆದದ್ದಕ್ಕೆ ಕಾರಣ ಒಬ್ಬ ವ್ಯಕ್ತಿ. ಆ ಭಾಷೆಯನ್ನು ಕಟ್ಟಿದವರೂ ಅವರೇ, ಅದಕ್ಕೂ ಮೊದಲು ಇಡೀ ಲೋಕಕ್ಕೆ ತೇಪೆ ಹಚ್ಚುವ ಸಾಧನ ಮಾಡಿಕೊಟ್ಟವರೂ ಅವರೇ.

ಲ್ಯಾರಿ ವಾಲ್ ಓದಿದ್ದು ಭಾಷಾವಿಜ್ಞಾನ. ಲಿಪಿಯಿಲ್ಲದ ಯಾವುದಾದರೂ ಭಾಷೆಯನ್ನು ಹುಡುಕಿ, ಅದಕ್ಕೆ ಬರವಣಿಗೆ ಕೊಟ್ಟು, ಬೈಬಲ್ ಅನುವಾದಿಸಬೇಕೆಂಬುದು ಅವರ ಮತ್ತು ಪತ್ನಿ ಗ್ಲೋರಿಯಾ ಅವರ ಆಸೆಯಾಗಿತ್ತು. ಆರೋಗ್ಯ ಕೈಕೊಟ್ಟಿತು, ಆಫ್ರಿಕಾಕ್ಕೆ ಹೋಗಲಾಗಲಿಲ್ಲ. ಪ್ರೋಗ್ರಾಮಿಂಗ್ ಕೆಲಸಕ್ಕೆ ಸೇರಿದರು. 1985ರ ಮೇ ತಿಂಗಳಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬರೆದು ಎಲ್ಲರಿಗೂ ಹಂಚಿದರು. ಅದರ ಹೆಸರೇ ‘ಪ್ಯಾಚ್’, ಅಂದರೆ ತೇಪೆ.

ಅದರ ಬೆಲೆ ತಿಳಿಯಬೇಕಾದರೆ ಆಗಿನ ಸ್ಥಿತಿ ನೆನೆಯಬೇಕು. ಪ್ರೋಗ್ರಾಂಗಳು ಟೆಲಿಫೋನ್ ತಂತಿಯ ಮೇಲೆ ಕುಂಟುತ್ತಾ ಊರೂರು ಸೇರುತ್ತಿದ್ದವು. ನಾಲ್ಕು ಸಾಲು ತಿದ್ದಿದ್ದಕ್ಕೆ ಇಡೀ ಪ್ರೋಗ್ರಾಂ ಮತ್ತೆ ಕಳಿಸುವುದು ದುಬಾರಿ ಬಾಬ್ತು. ಹಾಗಂತ ‘212ನೇ ಸಾಲು ಅಳಿಸಿ, ಇದನ್ನು ಹಾಕಿ’ ಎಂದು ಬರೆದು ಕಳಿಸಿದರೆ, ಅಷ್ಟರಲ್ಲಿ ಆ ಕಡೆಯವರು ತಮ್ಮ ಪ್ರತಿಯಲ್ಲಿ ಏನೋ ಸೇರಿಸಿಕೊಂಡಿರುತ್ತಾರೆ. ಅವರ 212 ನಮ್ಮ 212 ಅಲ್ಲ. ಎಲ್ಲೋ ಹರಿದರೆ ತೇಪೆ ಇನ್ನೆಲ್ಲೋ ಕೂರುತ್ತದೆ.

ವಾಲ್ ಅವರ ಪ್ರೋಗ್ರಾಂ ಸಾಲಿನ ಸಂಖ್ಯೆಯನ್ನು ಪೂರ್ತಿ ನಂಬುವುದಿಲ್ಲ. ನಮ್ಮ ಜಮೀನಿನ ಕ್ರಯಪತ್ರದಲ್ಲಿ ಸರ್ವೆ ನಂಬರ್ ಇದ್ದರೂ ಚೆಕ್ಕುಬಂದಿ ಬರೆಯುತ್ತೇವಲ್ಲ, ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ಹಳ್ಳ ಎಂದು, ಹಾಗೆಯೇ ಪ್ಯಾಚಿನಲ್ಲಿ ತಿದ್ದಬೇಕಾದ ಸಾಲಿನ ಜತೆಗೆ ಅದರ ಮೇಲಿನ ಮೂರು ಸಾಲು, ಕೆಳಗಿನ ಮೂರು ಸಾಲು ಇರುತ್ತವೆ. ತೆಗೆಯಬೇಕಾದ್ದಕ್ಕೆ ಕಳೆಯುವ ಚಿಹ್ನೆ, ಸೇರಿಸಬೇಕಾದ್ದಕ್ಕೆ ಕೂಡುವ ಚಿಹ್ನೆ. ಹೇಳಿದ ಸಾಲಿನಲ್ಲಿ ಆ ನೆರೆಹೊರೆ ಸಿಗದಿದ್ದರೆ ಪ್ರೋಗ್ರಾಂ ಮೇಲೆ ಕೆಳಗೆ ಹುಡುಕಾಡುತ್ತದೆ. ಸಿಕ್ಕರೆ ‘ಇಷ್ಟು ಸಾಲು ಆಚೆ ಸಿಕ್ಕಿತು’ ಎಂದು ವರದಿ ಒಪ್ಪಿಸಿ ಕೆಲಸ ಮುಗಿಸುತ್ತದೆ. ಗಡಿಯ ಒಂದೆರಡು ಸಾಲು ಹೊಂದದಿದ್ದರೂ ಪರವಾಗಿಲ್ಲವೆಂದು ಒಪ್ಪಿಕೊಳ್ಳುತ್ತದೆ. ಏನು ಮಾಡಿದರೂ ಜಾಗ ಸಿಗದಿದ್ದರೆ ಆ ತುಣುಕನ್ನು ಬೇರೆ ಕಡತದಲ್ಲಿಟ್ಟು, ನೀವೇ ನೋಡಿಕೊಳ್ಳಿ ಎನ್ನುತ್ತದೆ. ಪತ್ರದ ಒಕ್ಕಣೆಯ ನಡುವೆ ಪ್ಯಾಚ್ ಅಂಟಿಸಿ ಕಳಿಸಿದರೂ ನಮಸ್ಕಾರ, ಕುಶಲೋಪರಿ ಎಲ್ಲ ಬಿಟ್ಟು ಅದನ್ನಷ್ಟೇ ಹೆಕ್ಕಿಕೊಳ್ಳುತ್ತದೆ. ಮುಖ ನೋಡದ ಇಬ್ಬರು ಒಬ್ಬರ ಪ್ರೋಗ್ರಾಂ ಇನ್ನೊಬ್ಬರು ಸಲೀಸಾಗಿ ತಿದ್ದುವ ರೂಢಿ ಬೆಳೆಯಲು ಈ ಸಲಿಗೆಯೇ ದಾರಿ ಮಾಡಿಕೊಟ್ಟಿತು ಎಂದು ನನ್ನ ಎಣಿಕೆ.

ಪರ್ಲ್ ಬಂದದ್ದು ಎರಡು ವರ್ಷದ ಮೇಲೆ, 1987ರ ಡಿಸೆಂಬರ್ 18ರಂದು. ಆಗ ವಾಲ್ ಯೂನಿಸಿಸ್‌ನಲ್ಲಿದ್ದರು. ಅಲ್ಲಿನ ವರದಿಗಳನ್ನು ತಯಾರಿಸಲು ‘ಆಕ್’ ಎಂಬ ಸಾಧನ ಸಾಲದಾಯಿತು, ಬೇರೆಯದೇ ಕಟ್ಟಿಕೊಂಡರು. ಆಮೇಲಿನದು ಎಲ್ಲರಿಗೂ ಗೊತ್ತಿರುವ ಕಥೆ: ವೆಬ್‌ಸೈಟುಗಳು, ಮನುಷ್ಯನ ಜೀನೋಮ್ ಯೋಜನೆ, ನಮ್ಮ ಬೆಂಗಳೂರಿನ ಚಿಪ್ ವಿನ್ಯಾಸದ ಕಂಪನಿಗಳಲ್ಲಿ ಯಾರೋ ಬರೆದಿಟ್ಟು ಇನ್ಯಾರೋ ಓಡಿಸುವ ಸ್ಕ್ರಿಪ್ಟುಗಳು.

ಇನ್ನು ಬಗ್ ವರದಿ, ಅಂದರೆ ಭಾಷೆಯಲ್ಲಿ ಕಂಡ ದೋಷವನ್ನು ಬಳಗಕ್ಕೆ ತಿಳಿಸುವ ಬಗೆ. ‘ಪರ್ಲ್ ಕೆಲಸ ಮಾಡುತ್ತಿಲ್ಲ’ ಎಂದು ಬರೆದರೆ ಅದು ದೂರು, ವರದಿಯಲ್ಲ. ಸಂಬಳದ ಪಟ್ಟಿ ಮಾಡುವ 400 ಸಾಲಿನ ಸ್ಕ್ರಿಪ್ಟ್ ಎಲ್ಲೋ ತಪ್ಪು ಲೆಕ್ಕ ಕೊಡುತ್ತಿದೆ ಎಂದುಕೊಳ್ಳಿ. ಮೊದಲ ಕೆಲಸ ಕತ್ತರಿಸುವುದು. ಅರ್ಧ ತೆಗೆದು ಓಡಿಸಿ. ತಪ್ಪು ಹಾಗೇ ಇದೆಯೇ? ಉಳಿದದ್ದರಲ್ಲಿ ಮತ್ತರ್ಧ ತೆಗೆಯಿರಿ. ತಪ್ಪು ಮಾಯವಾಯಿತೇ? ತೆಗೆದದ್ದನ್ನು ಹಿಂದಕ್ಕಿಟ್ಟು ಬೇರೆ ಅರ್ಧ ತೆಗೆಯಿರಿ. ಕೊನೆಗೆ ಐದಾರು ಸಾಲು ಉಳಿಯುತ್ತದೆ. ಸಂಬಳ, ನೌಕರರ ಹೆಸರು, ಕಂಪನಿಯ ಗುಟ್ಟು ಯಾವುದೂ ಅದರಲ್ಲಿರುವುದಿಲ್ಲ, ಬಗ್ ಮಾತ್ರ ಇರುತ್ತದೆ. ಎಷ್ಟೋ ಸಲ ಈ ಹಾದಿಯಲ್ಲೇ ತಪ್ಪು ಭಾಷೆಯದ್ದಲ್ಲ, ನಮ್ಮದೇ ಎಂದು ಗೊತ್ತಾಗಿ ಜನ ಸದ್ದಿಲ್ಲದೆ ಎದ್ದು ಹೋಗುತ್ತಾರೆ. ಅದೂ ಒಂದು ಉಪಕಾರವೇ.

ಉಳಿದದ್ದು ಸಲೀಸು. ಹೀಗೆ ಆಗಬೇಕಿತ್ತು, ಹಾಗೆ ಆಯಿತು ಎಂದು ಎರಡು ಸಾಲು. ಪರ್ಲ್ ಜತೆಗೇ ‘ಪರ್ಲ್‌ಬಗ್’ ಎಂಬ ಸಾಧನ ಬರುತ್ತದೆ. ದೋಷ ಯಾವ ವಿಭಾಗದ್ದು, ಎಷ್ಟು ಗಂಭೀರ ಎಂದು ಕೇಳಿ, ನಿಮ್ಮ ಯಂತ್ರದಲ್ಲಿ ಪರ್ಲ್ ಕಟ್ಟಿದ ವಿವರವನ್ನೆಲ್ಲ ತಾನೇ ಪೋಣಿಸುತ್ತದೆ. 2019ರಿಂದ ವರದಿಗಳು ಗಿಟ್‌ಹಬ್‌ಗೆ ಹೋಗುತ್ತವೆ.

ವರದಿ ಬಂದ ಮೇಲೆ ಅಪರಾಧಿಯ ಹುಡುಕಾಟ. 2008ರ ಕೊನೆಯಲ್ಲಿ ಪರ್ಲ್‌ನ ಮೂಲವನ್ನು, ಬದಲಾವಣೆಗಳ ದಾಖಲೆ ಇಡುವ ಗಿಟ್‌ಗೆ ತಂದಾಗ 1987ರ ಮೊದಲ ಆವೃತ್ತಿಯಿಂದ ಇತಿಹಾಸ ಜೋಡಿಸಿಕೊಟ್ಟರು. ಹಾಗಾಗಿ ‘ಈ ದೋಷ ಯಾವತ್ತು ಹುಟ್ಟಿತು’ ಎಂದು ಕೇಳಬಹುದು. ಬೈಸೆಕ್ಟ್ ಎನ್ನುವ ವಿಧಾನ ನಡುವಿನ ಆವೃತ್ತಿಯೊಂದನ್ನು ಕಟ್ಟಿ ಪರೀಕ್ಷಿಸುತ್ತದೆ, ಒಂದರ್ಧ ಕೈಬಿಟ್ಟು ಇನ್ನರ್ಧದ ನಡುವಿಗೆ ಹೋಗುತ್ತದೆ. 10,000 ಬದಲಾವಣೆಗಳಿದ್ದರೂ 14 ಸುತ್ತಿನಲ್ಲಿ ನಿಖರವಾಗಿ ಒಂದರ ಮೇಲೆ ಬೆರಳಿಡುತ್ತದೆ. ಹಳೆಯ ಪರ್ಲ್ ಇಂದಿನ ಯಂತ್ರದಲ್ಲಿ ಕಟ್ಟಲು ಹಟ ಮಾಡಿದರೆ, ಬಳಗದವರು ಬರೆದಿಟ್ಟ ಸ್ಕ್ರಿಪ್ಟ್ ದಾರಿಯಲ್ಲೇ ಅದಕ್ಕೂ ತೇಪೆ ಹಚ್ಚಿ ಮುಂದೆ ಸಾಗುತ್ತದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರಿಗೆ ಇಲ್ಲಿ ಬಚಾವಾಗುವ ದಾರಿಯಿಲ್ಲ. ಹೆಸರು, ತಾರೀಖು, ಗಂಟೆ ಸಮೇತ ದಾಖಲೆ ಇರುತ್ತದೆ. ಆದರೆ ಹೀಗೆ ಸಿಕ್ಕಿಬೀಳುವವರು ಬಹುಪಾಲು ಬಳಗದ ಹಳಬರೇ, ಹೆಚ್ಚು ಕೆಲಸ ಮಾಡಿದವರು ಹೆಚ್ಚು ತಪ್ಪು ಮಾಡಿರುತ್ತಾರೆ ತಾನೆ.

ಸರಿಪಡಿಸುವಾಗ ಒಂದು ಕಟ್ಟುನಿಟ್ಟು: ತೇಪೆಯ ಜತೆ ಪರೀಕ್ಷೆಯೂ ಬರಬೇಕು. ಅಂದರೆ, ಆ ದೋಷ ಮರಳಿದರೆ ಕೂಡಲೇ ಕೂಗಿಕೊಳ್ಳುವ ಒಂದು ತುಣುಕು. ಪರೀಕ್ಷೆ ಪಾಸಾದರೆ ‘ಓಕೆ 1’, ‘ಓಕೆ 2’ ಎಂದು ಸಾಲಾಗಿ ಮುದ್ರಿಸುವ ಪದ್ಧತಿ ಮೊದಲ ಪರ್ಲ್‌ನಲ್ಲೇ ಇತ್ತು. ಮುಂದೆ ಅದೇ ‘ಟ್ಯಾಪ್’ ಎಂಬ ಹೆಸರಲ್ಲಿ ಬೇರೆ ಭಾಷೆಗಳಿಗೂ ಹೋಯಿತು. ಇಷ್ಟಾದರೂ ಮುಗಿಯಲಿಲ್ಲ. 1995ರಿಂದ ಬೆಳೆಯುತ್ತಿರುವ ಸಿಪ್ಯಾನ್ ಭಂಡಾರದಲ್ಲಿ ಊರಿನವರೆಲ್ಲ ಬರೆದಿಟ್ಟ ಮಾಡ್ಯೂಲ್‌ಗಳಿವೆ. ಭಾಷೆಯ ಒಂದು ತಪ್ಪು ತಿದ್ದಿದರೆ, ಆ ತಪ್ಪನ್ನೇ ನೆಚ್ಚಿಕೊಂಡಿದ್ದ ಯಾವುದೋ ಮಾಡ್ಯೂಲ್ ಮುರಿಯುತ್ತದೆ. ಅದಕ್ಕೂ ಒಂದು ಪ್ರತ್ಯೇಕ ಬಗೆಯ ವರದಿಯುಂಟು. ಸ್ವಂತ ಯಂತ್ರಗಳಲ್ಲಿ ಹಗಲು ರಾತ್ರಿ ಈ ಭಂಡಾರವನ್ನು ಪರೀಕ್ಷಿಸುವ ಸ್ವಯಂಸೇವಕರಿದ್ದಾರೆ. ವಿದ್ಯುತ್ ಬಿಲ್ ಅವರದ್ದೇ.

ಬಳಗದ ವಿನೋದಪ್ರಜ್ಞೆಯ ಬಗ್ಗೆ ಹೇಳದೆ ಇರಲಾರೆ. ಪರ್ಲ್‌ನ ಸಿ ಭಾಷೆಯ ಕಡತಗಳು ಹಲವು ಟೋಲ್ಕಿನ್ನನ ಕಾದಂಬರಿಯ ಒಂದೊಂದು ಮಾತಿನಿಂದ ಶುರುವಾಗುತ್ತವೆ. ಹೊಸ ಆವೃತ್ತಿ ಹೊರಡಿಸುವವರು ತಮಗಿಷ್ಟದ ಕಥೆ, ನಾಟಕ, ಪದ್ಯದ ತುಣುಕೊಂದನ್ನು ಪ್ರಕಟಣೆಯ ಮೇಲೆ ಹಾಕುವ ವಾಡಿಕೆಯಿದೆ, ಅವೆಲ್ಲವನ್ನೂ ಸೇರಿಸಿಟ್ಟ ಕಡತವೂ ಇದೆ. ಬಹುಕಾಲ ಎರಡು ನಿಯಮಗಳು ನಡೆದುಬಂದವು: ಪರ್ಲ್ ಹೇಗಿರಬೇಕೆಂಬ ವಿಷಯದಲ್ಲಿ ಲ್ಯಾರಿ ಹೇಳಿದ್ದೇ ಸರಿ. ಲ್ಯಾರಿ ಆಮೇಲೆ ಮನಸ್ಸು ಬದಲಿಸಿದರೆ ಅದೂ ಸರಿ.

ನನಗೆ ಮನಸ್ಸಿಗೆ ನಾಟಿದ್ದು ಮಾತ್ರ ಬೇರೆ. ಪ್ರತಿ ಆವೃತ್ತಿಯ ಬದಲಾವಣೆ ಪಟ್ಟಿಯ ಕೊನೆಗೆ ಕೃತಜ್ಞತೆಯ ಭಾಗವೊಂದಿರುತ್ತದೆ. ಪ್ಯಾಚ್ ಕೊಟ್ಟವರ ಹೆಸರುಗಳೆಲ್ಲ ಅಲ್ಲಿರುತ್ತವೆ. ಅದರ ಕೆಳಗೆ ಒಂದು ತಪ್ಪೊಪ್ಪಿಗೆ: ಈ ಪಟ್ಟಿ ಯಂತ್ರವೇ ಇತಿಹಾಸದಿಂದ ತೆಗೆದದ್ದು, ಬಗ್ ವರದಿ ಮಾಡಿದವರ ಹೆಸರು ಇದರಲ್ಲಿಲ್ಲ, ಅವರ ಉಪಕಾರ ದೊಡ್ಡದು. ವರ್ಷ ವರ್ಷವೂ ಇದೇ ಒಕ್ಕಣೆ. 400 ಸಾಲನ್ನು ಐದಕ್ಕಿಳಿಸಿ ತಂದು ಕೊಟ್ಟವರಿಗೆ ಹೆಸರಿಲ್ಲ, ಅದರ ಮೇಲೆ ಒಂದಕ್ಷರ ತಿದ್ದಿದವರಿಗುಂಟು. ಬಳಗದವರು ದುರುದ್ದೇಶದಿಂದ ಮಾಡಿದ್ದಲ್ಲ, ಅವರೇ ಹೇಳಿಕೊಂಡಿದ್ದಾರೆ. ಆದರೂ ತೇಪೆಗೆ ಸಿಗುವ ಮರ್ಯಾದೆ ಹರಿದ ಜಾಗ ತೋರಿಸಿದವರಿಗೂ ಸಿಗಬೇಕಿತ್ತು. ಅವರಿಲ್ಲದೆ ಸೂಜಿ ಎಲ್ಲಿ ಹಾಕುತ್ತಿದ್ದರು?

ಪರ್ಲ್‌ಬಗ್‌ಗೆ ಉಲ್ಟಾ ಇರುವ ಒಂದು ಸಾಧನವೂ ಪರ್ಲ್‌ನಲ್ಲಿದೆ. ‘ಪರ್ಲ್‌ಥ್ಯಾಂಕ್ಸ್’ ಎಂದು ಟೈಪ್ ಮಾಡಿದರೆ ಅದೇ ಪರ್ಲ್‌ಬಗ್ ಪ್ರೋಗ್ರಾಂ ದೂರಿನ ಬದಲು ಧನ್ಯವಾದ ಪತ್ರ ಬರೆಸಿಕೊಳ್ಳುತ್ತದೆ. ದೂರನ್ನೇ ಓದಿ ಓದಿ ಬೇಸತ್ತ ಯಾರಿಗೋ ಹೊಳೆದಿರಬೇಕು.

ಈಗ ಪಂಪ್‌ಕಿಂಗ್ ಇಲ್ಲ. 2021ರಿಂದ ಮೂವರ ಮಂಡಳಿ ಮೇಲ್ವಿಚಾರಣೆ ನಡೆಸುತ್ತದೆ. ಪರ್ಲ್ 6 ಎಂದು ಹೊರಟದ್ದು 2019ರಲ್ಲಿ ರಾಕು ಎಂಬ ಬೇರೆ ಹೆಸರು ಪಡೆಯಿತು. 2020ರಲ್ಲಿ ಸಾರಿದ ಪರ್ಲ್ 7 ಬರಲೇ ಇಲ್ಲ. ಹಳೆಯ 5 ಮಾತ್ರ ವರ್ಷಕ್ಕೊಂದು ಹೆಜ್ಜೆ ಇಡುತ್ತಾ 2025ರ ಜುಲೈನಲ್ಲಿ 5.42ಕ್ಕೆ ಬಂತು. ಹೊಸ ಕೈಗಳು ಬಂದರೂ ಪೈಥಾನ್ ಕಡೆಗೆ ಹೋಗುವ ಜಾತ್ರೆಯ ಮುಂದೆ ಅದು ಏನೂ ಅಲ್ಲ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುವ ಮಕ್ಕಳಿಗೆ ಇಲ್ಲಿ ಕೆಲಸ ಬೇಕಾದಷ್ಟಿದೆ. ದೊಡ್ಡದೇ ಆಗಬೇಕೆಂದಿಲ್ಲ, ದಸ್ತಾವೇಜಿನ ಕಾಗುಣಿತ ತಿದ್ದಿದರೂ ಅದು ಪ್ಯಾಚೇ. ಪಟ್ಟಿಯಲ್ಲಿ ಹೆಸರು ಬರುತ್ತದೆ.

ಕನ್ನಡದವರಿಗೆಂದೇ ಒಂದು ಜಾಗ ತೋರಿಸುತ್ತೇನೆ. ‘ಇಲ್ಲಿ ಅಂಕಿಯೊಂದಿದೆಯೇ’ ಎಂದು ಪರ್ಲ್‌ಗೆ ಕೇಳುವ ಚಿಹ್ನೆಗೆ ನಮ್ಮ ೧, ೨, ೩ ಕೂಡ ಅಂಕಿಗಳೇ, ಹೌದೆನ್ನುತ್ತದೆ. ಆದರೆ ೧೨ಕ್ಕೆ ಒಂದು ಕೂಡು ಎಂದರೆ ಇದು ಸಂಖ್ಯೆಯಲ್ಲ ಎಂದು ಎಚ್ಚರಿಸಿ, ಅದನ್ನು ಸೊನ್ನೆಯೆಂದು ಹಿಡಿದು 1 ಎಂಬ ಉತ್ತರ ಕೊಡುತ್ತದೆ. ಪೈಥಾನ್‌ಗೆ ‘ಇದನ್ನು ಪೂರ್ಣಾಂಕ ಮಾಡು’ ಎಂದರೆ 12 ಎಂದು ಓದಿಕೊಳ್ಳುತ್ತದೆ. ಪರ್ಲ್ ಹೀಗಿರುವುದು ಬಗ್ ಅಲ್ಲ, ಬೇಕೆಂದೇ ಇಟ್ಟದ್ದು. ಲೆಕ್ಕ ಬೇಕಾದವರು ಯೂನಿಕೋಡ್ ಮಾಡ್ಯೂಲ್‌ನ ಮೂಲಕ ಹೋಗಬೇಕು. ಬೇರೆ ಲಿಪಿಯ ಅಂಕಿಗಳನ್ನು ಕಣ್ಮುಚ್ಚಿ ನಂಬಬೇಡಿ ಎಂದು ದಸ್ತಾವೇಜೂ ಹೇಳುತ್ತದೆ. ಅದಕ್ಕೆ ಕೊಟ್ಟಿರುವ ಉದಾಹರಣೆಗಳಲ್ಲೊಂದು ಬಂಗಾಳಿಯ ನಾಲ್ಕು. ನೋಡಲು ಥೇಟ್ ಇಂಗ್ಲಿಷಿನ ಎಂಟಿನಂತಿರುತ್ತದೆ, ಬೆಲೆಪಟ್ಟಿಯಲ್ಲಿ ಬಂದರೆ ಮೋಸ ಹೋಗುತ್ತೀರಿ ಎನ್ನುವ ಅರ್ಥದಲ್ಲಿ. ನಮ್ಮ ಸೊನ್ನೆಯೂ ಇಂಥದ್ದೇ ಕಿತಾಪತಿ ಮಾಡಬಲ್ಲದು, ಅನುಸ್ವಾರವೋ ಸೊನ್ನೆಯೋ ಇಂಗ್ಲಿಷಿನ ಓ ಅಕ್ಷರವೋ ಎಂದು ಕಣ್ಣಿಗೆ ತಿಳಿಯುವುದಿಲ್ಲ. ದಸ್ತಾವೇಜಿನಲ್ಲಿ ಅದರ ಬಗ್ಗೆ ಒಂದು ಸಾಲು ಬರೆದು ಕಳಿಸಲು ಯಾರ ಅಪ್ಪಣೆಯೂ ಬೇಡ. ಅದನ್ನು ಓದಿ, ತೂಗಿ, ಸೇರಿಸುವ ಹಿರಿಯರು ಇನ್ನೂ ಒಂದಷ್ಟು ಮಂದಿ ಇದ್ದಾರೆ, ಸದ್ಯಕ್ಕೆ.