ಲಾಬಿಯ ಗೆರೆ, ಮಾಸ್ತರರ ಸೀಟಿ

ಶಹಾಬಾದಿನ ಕಲ್ಲುಗಣಿಗಳೂ ವಾಡಿ, ಸೇಡಂಗಳ ಸಿಮೆಂಟು ಕಾರ್ಖಾನೆಗಳೂ ನೆಲೆಗೊಂಡಿರುವ ಈ ಸೀಮೆಯಲ್ಲಿ ಬೇರೇನಕ್ಕೆ ಬರವಿದ್ದರೂ ಸುಣ್ಣಕ್ಕೆ ಬರವಿಲ್ಲ. ಚಿತ್ತಾಪುರದಿಂದ ಚಿಂಚೋಳಿಯವರೆಗೆ ವಲಯ ಮಟ್ಟದ, ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟಗಳು ಮೊದಲಾದೊಡನೆ, ಆ ಸುಣ್ಣದಿಂದಲೇ ಕಬಡ್ಡಿ ಅಂಕಣವನ್ನು ಎಳೆಸಿ, ಕೊರಳಲ್ಲಿ ಸೀಟಿ ಧರಿಸಿ ನಿಲ್ಲುವ ಪಿ.ಟಿ. ಮಾಸ್ತರರ ನಿರ್ಣಯವಿದ್ಯೆಯನ್ನು ಇಲ್ಲಿ ಪರಿಚಯಿಸಬೇಕೆಂದಿದ್ದೇನೆ.

ಪುರುಷರ ಅಂಕಣದ ಉದ್ದ 13 ಮೀಟರು, ಅಗಲ 10 ಮೀಟರು. ಆ ಅಗಲದೊಳಗೇ ಎರಡು ಪಾರ್ಶ್ವಗಳಲ್ಲಿ ಒಂದೊಂದು ಮೀಟರಿನ ಪಟ್ಟಿಯುಂಟು, ಅದೇ ಲಾಬಿ. ದಾಳಿಗಾರನಿಗೂ ಎದುರಾಳಿಗಳಿಗೂ ಸ್ಪರ್ಶವಾಗುವ ತನಕ ಅದು ಅಂಕಣವಲ್ಲ, ಕಾಲಿಟ್ಟವನು ಔಟು. ಸ್ಪರ್ಶವಾದೊಡನೆ ಅದೇ ಪಟ್ಟಿ ಅಂಕಣವಾಗಿಬಿಡುತ್ತದೆ. ಹೀಗಾಗಿ ಅಂಪೈರನ ದೃಷ್ಟಿ ಏಕಕಾಲದಲ್ಲಿ ಪಾದದ ಮೇಲೂ ಇರಬೇಕು, ಬೆರಳ ತುದಿಯ ಮೇಲೂ ಇರಬೇಕು. ಮೂವತ್ತು ಸೆಕೆಂಡುಗಳ ದಾಳಿಯಲ್ಲಿ, ಏಳು ಜನ ಮೈಮೇಲೆ ಮುಗಿಬೀಳುವ ಧೂಳಿನ ನಡುವೆ, ಯಾವುದು ಮೊದಲು ಯಾವುದು ಅನಂತರ ಎಂಬುದನ್ನು ಹೇಳಬಲ್ಲವನೇ ಈ ವಿದ್ಯೆಯಲ್ಲಿ ಪಾರಂಗತನು.

ಈ ಪಟ್ಟಿಯ ಮಹಿಮೆ ಜಗತ್ತಿಗೆ ತಿಳಿದದ್ದು 2023ರ ಅಕ್ಟೋಬರ್ 7ರಂದು, ಹಾಂಗ್‌ಝೌ ಏಷ್ಯನ್ ಕ್ರೀಡೆಗಳ ಅಂತಿಮ ಪಂದ್ಯದಲ್ಲಿ. ಭಾರತ, ಇರಾನುಗಳೆರಡೂ 28 ಅಂಕಗಳಲ್ಲಿ ಸಮನಾಗಿ ನಿಂತು, ಇನ್ನು ನಿಮಿಷವೊಂದು ಉಳಿದಿದ್ದಾಗ, ಹಿಂದೆ ಬೆಂಗಳೂರು ಬುಲ್ಸ್‌ಗೆ ಪ್ರೊ ಕಬಡ್ಡಿ ಕಿರೀಟವನ್ನು ತಂದಿತ್ತ ಪವನ್ ಸೆಹ್ರಾವತ್ ಯಾರನ್ನೂ ಮುಟ್ಟದೆ ಲಾಬಿಗೆ ಕಾಲಿಟ್ಟರು. ಇರಾನಿನ ಹಿಡಿತಗಾರರು ಆವೇಶದಿಂದ ಬೆನ್ನಟ್ಟಿ ತಾವೂ ಅಲ್ಲಿಗೇ ನುಗ್ಗಿದರು. ಹಳೆಯ ನಿಯಮದಂತೆ ಬೆನ್ನಟ್ಟಿದವರೆಲ್ಲರೂ ಔಟು. ಪ್ರೊ ಕಬಡ್ಡಿಯ ಹೊಸ ನಿಯಮದಂತೆ ಅವರು ಗಣನೆಗೆ ಬಾರರು. ತೀರ್ಪು ಅತ್ತಿಂದಿತ್ತ ಹೊಯ್ದಾಡಿತು, ಆಟ ಸುಮಾರು ಒಂದು ಗಂಟೆ ನಿಂತಿತು; ಕಡೆಗೆ ಹಳೆಯ ನಿಯಮವೇ ಮೇಲಾಗಿ ಭಾರತಕ್ಕೆ ನಾಲ್ಕು, ಇರಾನಿಗೆ ಒಂದು ಅಂಕ ಸಂದು, ಉಳಿದ ಆಟವೂ ಮುಗಿದಾಗ 33–29ರಿಂದ ಚಿನ್ನ ನಮ್ಮದಾಯಿತು. ಗೆದ್ದವರು ನಾವಾದುದರಿಂದ ನಮ್ಮಲ್ಲಿ ಆ ಚರ್ಚೆ ಬೇಗನೆ ತಣ್ಣಗಾಯಿತೆಂಬುದನ್ನೂ ಒಪ್ಪಬೇಕು.

ಅಮೆರಿಕನ್ ಫುಟ್‌ಬಾಲಿನಲ್ಲಿ ಇಂಥದೇ ಜಗಳ ಹನ್ನೊಂದು ವರ್ಷ ಬದುಕಿತು. 2002ರ ಜನವರಿ 19ರ ಹಿಮ ಸುರಿವ ರಾತ್ರಿ, ಪೇಟ್ರಿಯಟ್ಸ್ ತಂಡದ ಟಾಮ್ ಬ್ರೇಡಿಯ ಕೈಯಿಂದ, ರೇಡರ್ಸ್‌ನ ಚಾರ್ಲ್ಸ್ ವುಡ್‌ಸನ್ ಅಪ್ಪಳಿಸಿದ ರಭಸಕ್ಕೆ, ಚೆಂಡು ಜಾರಿ ಎದುರಾಳಿಗಳ ಪಾಲಾಯಿತು. ಎಸೆಯಲು ಮುಂದೊಯ್ದ ತೋಳನ್ನು ಆಟಗಾರನು ಮೈಗೆ ಸೆಳೆದುಕೊಳ್ಳುತ್ತಿರುವಾಗ ಚೆಂಡು ಬಿದ್ದರೂ ಅದನ್ನು ಗುರಿಮುಟ್ಟದ ಎಸೆತವೆಂದೇ ಎಣಿಸಬೇಕೆಂದು 1999ರ ‘ಟಕ್’ ನಿಯಮ ಹೇಳುತ್ತಿದ್ದುದರಿಂದ, ರೆಫರಿ ವಾಲ್ಟ್ ಕೋಲ್ಮನ್ ಚಿತ್ರಮುದ್ರಿಕೆ ನೋಡಿ ಚೆಂಡನ್ನು ಬ್ರೇಡಿಯ ತಂಡಕ್ಕೇ ಮರಳಿಸಿದರು. 16–13ರಿಂದ ಗೆದ್ದ ಆ ತಂಡ ಮುಂದೆ ಸೂಪರ್ ಬೌಲನ್ನೂ ಗೆದ್ದಿತು. ಕೋಲ್ಮನ್ ಪುಸ್ತಕದಲ್ಲಿದ್ದುದನ್ನೇ ಪಾಲಿಸಿದ್ದರು. ಆದರೂ ಮತ್ತೆಂದೂ ಅವರು ರೇಡರ್ಸ್ ಪಂದ್ಯಕ್ಕೆ ರೆಫರಿಯಾಗಿ ನಿಲ್ಲಲಿಲ್ಲ. 2013ರಲ್ಲಿ ತಂಡಗಳು 29–1 ಮತಗಳಿಂದ ನಿಯಮವನ್ನು ಕಿತ್ತೊಗೆದಾಗ ಮತದಾನದಿಂದ ದೂರವುಳಿದ ಎರಡು ತಂಡಗಳಲ್ಲಿ ಪೇಟ್ರಿಯಟ್ಸ್ ಒಂದು. ಫಲಾನುಭವಿಯ ಸಂಕೋಚ ಅದಿದ್ದೀತು.

ಅಮೆರಿಕದಲ್ಲಿ ನಿಯಮ ಒಂದೇ, ಅದು ನ್ಯಾಯವಲ್ಲವೆಂದು ಕಲಹ. ಹಾಂಗ್‌ಝೌನಲ್ಲಿ ನಿಯಮಗಳೆರಡು, ಯಾವುದು ಚಲಾವಣೆಯಲ್ಲಿದೆಯೆಂಬುದೇ ಕಲಹ. ಎರಡನೆಯದೇ ಹೆಚ್ಚು ಅಪಾಯಕರವೆಂದು ನನಗೆ ತೋರುತ್ತದೆ. ದೂರದರ್ಶನದಲ್ಲಿ ಪ್ರೊ ಕಬಡ್ಡಿ ನೋಡಿ ಕಲಿತ ಹುಡುಗನೂ ಹಳೆಯ ಪುಸ್ತಕ ಓದಿ ಕಲಿತ ಮಾಸ್ತರರೂ ಸೇಡಂನ ಮೈದಾನದಲ್ಲಿ ಸಂಧಿಸಿದರೆ, ಮರಳಿ ನೋಡಲು ಅಲ್ಲಿ ಚಿತ್ರಮುದ್ರಿಕೆಯೂ ಇರದು. ನಾಣ್ಯ ಚಿಮ್ಮುವ ವೇಳೆಗೇ ಇಬ್ಬರು ನಾಯಕರನ್ನೂ ಕರೆದು, ಇಂದಿನ ಆಟದಲ್ಲಿ ಲಾಬಿಗೆ ಯಾವ ನಿಯಮವೆಂಬುದನ್ನು ಮಾಸ್ತರರು ಹೇಳಿಬಿಡುವುದು ಲೇಸು. ಅದಕ್ಕೆ ಅರ್ಧ ನಿಮಿಷ ಸಾಕು.