ಸೋರುವ ಎಂಜಿನ್‌ಗೆ ಹರಿಹರದ ಲೇತು

ಹಳೆಯ ಪ್ರೀಮಿಯರ್ ಪದ್ಮಿನಿಯನ್ನು ಮತ್ತೆ ರಸ್ತೆಗಿಳಿಸಲು ಹೊರಟವರನ್ನು ಬಣ್ಣ, ಸೀಟುಗಳಿಗಿಂತ ಮೊದಲು ಕಾಡುವುದು ನೀರಿನ ಸೋರಿಕೆ. ದಾವಣಗೆರೆಯವರಿಗೆ ಇದರ ರಿಪೇರಿಗೆ ದೂರ ಹೋಗಬೇಕಿಲ್ಲ. ಪಕ್ಕದ ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದಶಕಗಳ ಕಾಲ ಲೇತುಗಳನ್ನು ತಯಾರಿಸಿತು, ಅವುಗಳ ಮುಂದೆ ನಿಂತು ದುಡಿಯಬಲ್ಲ ಕೆಲಸಗಾರರನ್ನೂ ಬೆಳೆಸಿತು. ಕಾರ್ಖಾನೆ ಬಾಗಿಲು ಹಾಕಿದ ಮೇಲೂ ಆ ಕಸುಬು ಎರಡೂ ಊರಿನ ವರ್ಕ್‌ಶಾಪ್‌ಗಳಲ್ಲಿ ಜೀವಂತವಾಗಿದೆ.

ಪಳಗಿದ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿಯುವ ಮುನ್ನ ಕಣ್ಣಾಡಿಸುತ್ತಾರೆ. ವಾಟರ್ ಪಂಪಿನ ಅಡಿಯ ಸಣ್ಣ ತೂತಿನಿಂದ ತೊಟ್ಟಿಕ್ಕಿದರೆ ಒಳಗಿನ ಸೀಲು ಸವೆದಿದೆ ಎಂದರ್ಥ. ವರ್ಷಗಟ್ಟಲೆ ಬರೀ ಬೋರ್‌ವೆಲ್ ನೀರು ಕುಡಿದ ಎಂಜಿನ್ನಿನಲ್ಲಿ ಬ್ಲಾಕಿನ ಕೋರ್ ಪ್ಲಗ್ ಒಳಗಿನಿಂದಲೇ ತುಕ್ಕು ಹಿಡಿದಿರುತ್ತದೆ.

ರೇಡಿಯೇಟರ್ ಕೆಲಸ ನೋಡುವುದೇ ಒಂದು ಖುಷಿ. ಬಿಚ್ಚಿದ ರೇಡಿಯೇಟರಿನ ಬಾಯಿಗಳಿಗೆ ರಬ್ಬರ್ ಬಿರಡೆ ಬಡಿದು, ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಹದವಾಗಿ ಗಾಳಿ ಬಿಡುತ್ತಾರೆ. ಗುಳ್ಳೆ ಎದ್ದ ಕಡೆ ಗುರುತು ಹಾಕಿ, ಒಣಗಿಸಿ, ಉಜ್ಜಿ, ಆ್ಯಸಿಡ್ ಸವರಿ, ಗ್ಯಾಸ್ ಉರಿಯಲ್ಲಿ ಸೀಸ-ತವರದ ಬೆಸುಗೆ ಹರಿಸುತ್ತಾರೆ. ಹಿತ್ತಾಳೆ-ತಾಮ್ರದ ಹಳೆಯ ರೇಡಿಯೇಟರಿಗೆ ಈ ಭಾಗ್ಯವುಂಟು. ಇಂದಿನ ಪ್ಲಾಸ್ಟಿಕ್ ಟ್ಯಾಂಕಿನವು ಒಡೆದರೆ ಬಹುತೇಕ ಬದಲಾಯಿಸುವುದೇ ದಾರಿ.

ಹೊರಗೆಲ್ಲೂ ಹನಿ ಕಾಣದೆ ನೀರು ಇಳಿಯುತ್ತಿದ್ದರೆ, ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ, ‘ಗ್ಯಾಸ್ಕೆಟ್ ಹೋಗೇತಿ’ ಎಂಬ ತೀರ್ಪು ಬರುತ್ತದೆ. ಪದ್ಮಿನಿಯ 1089 ಸಿಸಿ ಎಂಜಿನ್ನಿನಲ್ಲಿ ಬ್ಲಾಕು ಎರಕದ ಕಬ್ಬಿಣದ್ದು, ಹೆಡ್ಡು ಅಲ್ಯೂಮಿನಿಯಂನದು. ಬಿಸಿಗೆ ಅಲ್ಯೂಮಿನಿಯಂ ಹೆಚ್ಚು ಹಿಗ್ಗುವುದರಿಂದ ವಿಪರೀತ ಕಾದ ಹೆಡ್ಡು ಬಾಗುತ್ತದೆ. ಅದರ ಮೇಲೆ ಉಕ್ಕಿನ ನೇರ ಪಟ್ಟಿಯಿಟ್ಟು, ಅಡಿಯಲ್ಲಿ ಫೀಲರ್ ಗೇಜಿನ ತೆಳು ಎಲೆ ತೂರಿಸಿ ನೋಡುತ್ತಾರೆ. 0.05 ಮಿ.ಮೀ. ಎಲೆ ಸಲೀಸಾಗಿ ನುಸುಳಿದರೆ ಹೆಡ್ಡನ್ನು ಫೇಸಿಂಗ್‌ಗೆ, ಅಂದರೆ ಅದರ ಮೈಯನ್ನು ಯಂತ್ರದಲ್ಲಿ ಸಮತಟ್ಟು ಮಾಡಿಸಲು, ಕಳಿಸುವುದು ಜಾಣತನ. ಬಾಗಿದ ಹೆಡ್ಡಿಗೆ ಹೊಸ ಗ್ಯಾಸ್ಕೆಟ್ ಕೂರಿಸಿ ಕೈತೊಳೆದುಕೊಳ್ಳುವುದು ಗಿರಾಕಿಗೆ ಮಾಡುವ ಅನ್ಯಾಯವೆಂದೇ ನಾನು ಹೇಳುತ್ತೇನೆ. ಸೋರಿಕೆ ಮುಚ್ಚುವ ಪುಡಿಯನ್ನು ರೇಡಿಯೇಟರಿಗೆ ಸುರಿಯುವುದೂ ಅಷ್ಟೆ. ಅದು ಸಣ್ಣ ಕೊಳವೆಗಳನ್ನೂ ಕಟ್ಟಿಬಿಡಬಹುದು.

ಫೇಸಿಂಗ್ ಆದ ಹೆಡ್ಡಿನ ಬೋಲ್ಟುಗಳನ್ನು ನಡುವಿನಿಂದ ಹೊರಗಿನ ಕಡೆಗೆ, ಹಂತಹಂತವಾಗಿ ಬಿಗಿಯಬೇಕು. ಆಮೇಲೆ ಕೂಲಂಟ್ ತುಂಬಿಸಿ, ಒಳಗಿನ ಗಾಳಿ ಹೋಗುವವರೆಗೆ ಎಂಜಿನ್ ಓಡಿಸುತ್ತಾರೆ. ಮರುದಿನ ಎಂಜಿನ್ ಪೂರ್ತಿ ತಣ್ಣಗಿರುವಾಗ ಮುಚ್ಚಳ ತೆಗೆದು ಮಟ್ಟ ನೋಡಿದ ಮೇಲೆಯೇ ಗಾಡಿ ಕೈಗೆ ಸಿಗುವುದು.